ಉಪನಿರ್ದೇಶಕರೇ, ತರಗತಿಯ ನಗುವನ್ನು ಗಲಾಟೆ ಎಂದು ಬರೆಯಬೇಡಿ

ಉಪನಿರ್ದೇಶಕರಿಗೆ,
ಶಾಲಾ ಶಿಕ್ಷಣ ಇಲಾಖೆ, ಕೊಡಗು ಜಿಲ್ಲೆ, ಮಡಿಕೇರಿ

ಮಾನ್ಯರೇ, ನಮಸ್ಕಾರ.

ನಾನು ವಿರಾಜಪೇಟೆ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಮಳೆಗಾಲಕ್ಕೆ ಮೊದಲೇ ಒಂದು ಮಾತು ತಮ್ಮ ಕಿವಿಗೆ ಹಾಕೋಣ ಅಂತ ಈ ಪತ್ರ. ಮಳೆ ಹಿಡಿದ ಮೇಲೆ ನಾಳೆ ರಜೆಯೋ ಇಲ್ಲವೋ ಅನ್ನುವುದನ್ನು ಬಿಟ್ಟು ಬೇರೆ ಮಾತು ಯಾರಿಗೂ ಬೇಡ.

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಶಾಲೆಗಳಿಗೆ ಮೈದಾನ ಇದ್ದೂ ಇಲ್ಲ. ಹೆಂಚಿನ ಮೇಲೆ ಜೋರು ಮಳೆ ಬಿದ್ದರೆ ಟೀಚರ್ ಮಾತು ಹಿಂದಿನ ಸಾಲಿಗೆ ಕೇಳಿಸುವುದೇ ಇಲ್ಲ. ಆಗ ಮಕ್ಕಳನ್ನು ಕೂರಿಸಿ ಬೋರ್ಡಿನಲ್ಲಿದ್ದದ್ದನ್ನು ಬರೆಸುವುದು ಸುಲಭ. ಆದರೆ ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ಒಂದು ಮಗು ಮುಂದೆ ಬಂದು ಬಾಯಿ ಬಿಡದೆ ನಟಿಸಬೇಕು: ಕಾಲಿಗೆ ಜಿಗಣೆ ಹತ್ತಿದವರು, ಗಾಳಿಗೆ ಕೊಡೆ ಮಗುಚಿಕೊಂಡವರು, ತೋಟದಲ್ಲಿ ಆನೆ ಕಂಡು ಓಡಿದವರು. ಉಳಿದವರು ಅದನ್ನು ಸ್ಲೇಟಿನಲ್ಲಿ ಒಂದು ವಾಕ್ಯ ಮಾಡಿ ಬರೆಯಬೇಕು. ಕ್ರಿಯಾಪದದ ಪಾಠ ಅಲ್ಲೇ ಆಯಿತು. ಜಿಗಣೆ ಕೀಳುವ ಕುಣಿತ ನೋಡಿ ನಗದವರು ಕೊಡಗಿನಲ್ಲಿ ಯಾರಿದ್ದಾರೆ?

ತೊಂದರೆ ಇರುವುದು ಇಲ್ಲೇ. ಆ ಹೊತ್ತಿಗೆ ಯಾರಾದರೂ ಶಾಲೆ ನೋಡಲು ಬಂದರೆ ನಗು ಮಾತ್ರ ಕೇಳಿಸುತ್ತದೆ, ಸ್ಲೇಟು ಕಾಣುವುದಿಲ್ಲ. ‘ತರಗತಿಯಲ್ಲಿ ಶಿಸ್ತು ಕಡಿಮೆ’ ಎಂದು ಒಂದು ಸಾಲು ಬರೆದು ಹೋದರೆ ಸಾಕು, ಆ ಟೀಚರ್ ಮುಂದಿನ ವಾರದಿಂದ ಕೈಕಟ್ಟಿ ಕೂರಿಸುವ ಪಾಠಕ್ಕೆ ಇಳಿಯುತ್ತಾರೆ. ಅವರನ್ನು ದೂರುವ ಹಾಗೂ ಇಲ್ಲ ಅಲ್ವಾ?

ಇದೇನೂ ಹೊಸ ಶೋಕಿಯಲ್ಲ. ಚಿಕ್ಕ ತರಗತಿಗಳವರು ಆಡುತ್ತಾ ಕಲಿಯುವ ನಲಿಕಲಿ ಪದ್ಧತಿ ಹುಟ್ಟಿದ್ದೇ ನಾಗರಹೊಳೆ ಕಾಡಿನ ಆಚೆ, ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಚಟುವಟಿಕೆಯಿಂದ ಕಲಿಸಿ, ಮಗುವಿನ ಭಯ ಬಿಡಿಸಿ ಎಂದು ಅದರ 29ನೇ ಸೆಕ್ಷನ್ನಿನಲ್ಲೇ ಇದೆ. ಆದರೆ ನಲಿಕಲಿ ಮುಗಿಸಿ ನಾಲ್ಕನೇ ತರಗತಿಗೆ ಬಂದ ಮಗುವಿಗೆ ಆಟವೂ ಮುಗಿಯಿತು. ಒಂಬತ್ತು ವರ್ಷಕ್ಕೇ ಗಂಭೀರವಾಗಬೇಕಂತೆ!

ನಮ್ಮ ತರಗತಿಗಳಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಮಲಯಾಳ, ತುಳು, ಬುಡಕಟ್ಟಿನವರ ಯರವ ಮಾತಾಡುವವರು ಒಂದೇ ಬೆಂಚಿನಲ್ಲಿರುತ್ತಾರೆ. ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರುವ ಎಷ್ಟೋ ಮಕ್ಕಳಿಗೆ ಕನ್ನಡ ಶಾಲೆಯಲ್ಲೇ ಮೊದಲು ಸಿಗುವುದು. ತಪ್ಪಾದೀತು ಅಂತ ಹೆದರಿ ಅವರು ಬಾಯೇ ಬಿಡುವುದಿಲ್ಲ. ಟೀಚರೇ ಬೇಕೆಂದು ತಪ್ಪು ಮಾಡಿದರೆ ಆ ಬಾಯಿ ತೆರೆಯುತ್ತದೆ. ‘ನಿನ್ನೆ ಆನೆ ಹಲಸಿನ ಮರ ಹತ್ತಿ ಹಣ್ಣು ಕಿತ್ತಿತು’ ಅನ್ನಿ. ಅಷ್ಟು ದಿನ ಸುಮ್ಮನಿದ್ದವನೇ ‘ಇಲ್ಲ ಟೀಚರ್, ಆನೆ ಮರ ಹತ್ತಲ್ಲ!’ ಎಂದು ಎದ್ದು ನಿಲ್ಲುತ್ತಾನೆ.

ಒಗಟೂ ಹಾಗೇ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಅಂದರೆ ಮಲ್ಲಿಗೆ ಎಂಬುದು ಹಳೆಯ ಉತ್ತರ. ನಮ್ಮ ಮಕ್ಕಳು ಕಾಫಿ ಹೂವು ಅನ್ನುತ್ತಾರೆ. ಹೂಮಳೆಯಾದ ಮೇಲೆ ತೋಟ ಬೆಳ್ಳಗಾಗುವುದನ್ನು ಕಂಡವರು ಇನ್ನೇನು ಹೇಳಿಯಾರು? ಅದಕ್ಕೂ ಪೂರ್ತಿ ಅಂಕ ಕೊಡಬೇಕು. ಕೊಯ್ಲಿನ ಕಾಲದಲ್ಲಿ ಎರಡರ ಮಗ್ಗಿಗೆ ಕಾಫಿ ಹಣ್ಣೇ ಸಾಕು, ಒಂದು ಹಣ್ಣು ಬಿಡಿಸಿದರೆ ಎರಡು ಬೀಜ. ನಡುವೆ ಯಾರ ಕೈಗಾದರೂ ಪೀಬೆರಿ ಸಿಕ್ಕಿ ಒಂದೇ ಬೀಜ ಬಂತು ಅಂದ್ಕೊಳ್ಳಿ, ಮಗ್ಗಿ ಕೆಟ್ಟಿತು ಅಂತ ತರಗತಿಯೇ ಗೊಳ್ಳೆನ್ನುತ್ತದೆ. ಲೆಕ್ಕ ಸರಿಮಾಡಲು ಎಷ್ಟು ಕೂಡಬೇಕು, ಎಷ್ಟು ಕಳೆಯಬೇಕು ಎಂಬ ಜಗಳ ಆಮೇಲೆ ತಾನಾಗಿ ಶುರು.

ಒಂದು ಎಚ್ಚರ ಮಾತ್ರ ಬೇಕು. ಮಗುವಿನ ಉಚ್ಚಾರಣೆ, ಬಣ್ಣ, ಅಪ್ಪನ ಕೆಲಸ ಇಟ್ಟುಕೊಂಡು ನಗಿಸುವುದು ತಮಾಷೆಯಲ್ಲ, ಹಿಂಸೆ. ಯರವರ ಹುಡುಗಿ ಮಾತಾಡಿದ ರೀತಿಯನ್ನು ಟೀಚರೇ ಅಣಕಿಸಿದರೆ ಅವಳು ನಾಳೆ ಶಾಲೆಗೆ ಬರಲಿಕ್ಕಿಲ್ಲ. ಮಾನಸಿಕ ಕಿರುಕುಳ ಕೊಡಬಾರದು ಎಂದು ಅದೇ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಅಡ್ಡಹೆಸರಿಟ್ಟು ಕರೆಯುವುದೂ ಇದರಲ್ಲಿ ಸೇರುತ್ತದೆ ಎಂದು ತಾವು ಬಾಯಿಬಿಟ್ಟು ಹೇಳಬೇಕು. ತರಗತಿಯಲ್ಲಿ ನಗೆಪಾಟಲಾಗುವುದಿದ್ದರೆ ಟೀಚರ್ ಆಗಲಿ, ಮಗು ಬೇಡ.

ನಾನು ಹಣ ಕೇಳುತ್ತಿಲ್ಲ. ಸುತ್ತಲಿನ ಶಾಲೆಗಳ ಟೀಚರುಗಳು ಸೇರುವ ಕ್ಲಸ್ಟರ್ ಮಟ್ಟದ ಸಭೆಗಳಲ್ಲಿ ಅಂಕಿಅಂಶ ತುಂಬುವುದೇ ಜಾಸ್ತಿ. ಅದರಲ್ಲಿ ಒಂದು ಗಂಟೆ ಟೀಚರುಗಳು ತಂತಮ್ಮ ಆಟಗಳನ್ನು ಒಬ್ಬರಿಗೊಬ್ಬರು ಆಡಿ ತೋರಿಸಲಿ. ಮಳೆ ರಜೆ ಸರಿದೂಗಿಸಲು ಶನಿವಾರ ಪೂರ್ತಿ ದಿನ ಶಾಲೆ ನಡೆಸುವಾಗ ಮಧ್ಯಾಹ್ನದ ಹೊತ್ತನ್ನಾದರೂ ಇದಕ್ಕೆ ಬಿಡಿ. ಶಾಲೆ ನೋಡಲು ಹೋಗುವ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ)ಗಳಿಗೆ ಒಂದು ಸುತ್ತೋಲೆ ಕಳಿಸಿ: ನಗು ಕೇಳಿಸಿದರೆ ಒಳಗೆ ಹೋಗಿ ಹತ್ತು ನಿಮಿಷ ಮಕ್ಕಳ ಜೊತೆ ಕೂರಬೇಕು, ಏನು ಕಲಿತರೆಂದು ಅವರನ್ನೇ ಕೇಳಬೇಕು, ಷರಾ ಬರೆಯುವುದು ಆಮೇಲೆ. ಜೂನ್ ಮೊದಲ ವಾರದೊಳಗೆ ಹೊರಟರೆ ಈ ಮಳೆಗಾಲಕ್ಕೇ ಉಪಯೋಗಕ್ಕೆ ಬರುತ್ತದೆ.

ಇಂತಿ,
ನಿವೃತ್ತ ಶಿಕ್ಷಕಿ, ವಿರಾಜಪೇಟೆ ತಾಲ್ಲೂಕು