ತೈಚಿ ವಿಡಿಯೊ ನೋಡಿ ಬರುವ ವಿದ್ಯೆಯಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಚೀನಾದ ಸಾಂಪ್ರದಾಯಿಕ ಕಸರತ್ತು ತೈಚಿ ಬಗ್ಗೆ ಬಂದ ಬರಹ ಓದಿದೆ. ವಯಸ್ಸಾದವರಿಗೆ ಒಳ್ಳೆಯದು, ಮಂಡಿಗೆ ಒಳ್ಳೆಯದು ಎಂದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಮನೆಯಲ್ಲೇ ವಿಡಿಯೊ ನೋಡಿ ಕಲಿಯಬಹುದು, ಗುರು ಬೇಕೇಬೇಕೆಂದೇನಿಲ್ಲ ಎಂಬ ಮಾತು ಕೊನೆಯಲ್ಲಿತ್ತಲ್ಲ, ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ.

ಕೆಲಸಕ್ಕೆಂದು ಹೋಗಿ ಸಿಂಗಪುರದಲ್ಲಿ 9 ವರ್ಷ ಇದ್ದೆ. ನಾವಿದ್ದ ಅಪಾರ್ಟ್‌ಮೆಂಟಿನ ಕೆಳಗಿನ ಖಾಲಿ ಜಾಗದಲ್ಲಿ ಬೆಳಗ್ಗೆ ಹೊತ್ತು ಹಿರಿಯರೊಬ್ಬರು ಚೆನ್ ಮನೆತನದ ಶೈಲಿಯ ತೈಚಿ ಹೇಳಿಕೊಡುತ್ತಿದ್ದರು. ಸೇರಿಕೊಂಡೆ. ಮೊದಲ ಎರಡು ತಿಂಗಳು ಬರೀ ನಿಲ್ಲಿಸಿದರು. ಆಮೇಲೆ ಕೈ ಸುತ್ತಿಸುವುದು. ಇದಕ್ಕೆ ಅವರ ಭಾಷೆಯಲ್ಲಿ ರೇಷ್ಮೆ ನೂಲು ತೆಗೆಯುವುದು ಎಂದೇ ಹೆಸರು. ನಾನು ಶಿಡ್ಲಘಟ್ಟದವನು. ನಮ್ಮತ್ತೆ ಬಿಸಿನೀರಿನಲ್ಲಿದ್ದ ಗೂಡಿನಿಂದ ಎಳೆ ಹಿಡಿಯುವುದನ್ನು ನೋಡಿಕೊಂಡೇ ಬೆಳೆದವನು. ಜೋರಾಗಿ ಎಳೆದರೆ ತುಂಡಾಗುತ್ತೆ, ಒಂದೇ ಹದದಲ್ಲಿ ಬರಬೇಕು. ಇದೆಲ್ಲ ತಲೆಗೆ ಗೊತ್ತಿತ್ತು, ಕೈಗೆ ಮಾತ್ರ ಬರುತ್ತಿರಲಿಲ್ಲ. ಒಂದು ದಿನ ನಮ್ಮ ಶಿಫು, ಅಂದರೆ ಗುರುಗಳು, ಹಿಂದಿನಿಂದ ಬಂದು ಒಂದು ಅಂಗೈಯನ್ನು ನನ್ನ ಸೊಂಟದ ಮೇಲೆ, ಇನ್ನೊಂದನ್ನು ಮೊಣಕೈ ಕೆಳಗೆ ಇಟ್ಟು, ಸೊಂಟವನ್ನು ಒಂದು ಬೆರಳಿನಷ್ಟು ತಿರುಗಿಸಿದರು. ಕೈ ತಾನೇ ತಾನಾಗಿ ಬಂತು! ಭುಜ ಏನೂ ಮಾಡಿರಲಿಲ್ಲ. ಆಮೇಲೆ ತಮ್ಮ ಸೊಂಟದ ಮೇಲೆ ನನ್ನ ಕೈ ಇಡಿಸಿಕೊಂಡು ಅದನ್ನೇ ಮಾಡಿದರು. ಕಣ್ಣಿಗೆ ಏನೂ ಕಾಣಲಿಲ್ಲ, ಅಂಗೈಗೆ ಮಾತ್ರ ಒಳಗೇನೋ ಸುತ್ತಿಕೊಂಡು ಮೇಲೆ ಬರುವುದು ತಿಳಿಯಿತು. 'ನಮ್ಮ ಗುರುಗಳೂ ನನಗೆ ಹೀಗೇ ಹಿಡಿದು ತೋರಿಸಿದ್ದು' ಎಂದರು. ಇದು ಯಾವ ವಿಡಿಯೊದಲ್ಲಿ ಸಿಗುತ್ತೆ ಹೇಳಿ?

ಈ ಶೈಲಿಯ ತವರು ಚೀನಾದ ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೋ ಹಳ್ಳಿ. 17ನೇ ಶತಮಾನದ ಚೆನ್ ವಾಂಗ್‌ಟಿಂಗ್ ಅವರಿಂದ ಶುರುವಾಯಿತು ಎಂದು ಆ ಮನೆತನದವರು ಹೇಳುತ್ತಾರೆ. ವಿದ್ಯೆ ಮನೆತನದೊಳಗೇ ಓಡಾಡಿಕೊಂಡಿತ್ತು. 14ನೇ ತಲೆಮಾರಿನ ಚೆನ್ ಚಾಂಗ್‌ಶಿಂಗ್ ಅದನ್ನು ಹೆಬೇ ಪ್ರಾಂತ್ಯದಿಂದ ಬಂದ ಯಾಂಗ್ ಲುಚಾನ್‌ಗೆ ಕಲಿಸಿದರು. ಯಾಂಗ್ ಆಮೇಲೆ ಬೀಜಿಂಗ್‌ಗೆ ಹೋಗಿ ಹೆಸರು ಮಾಡಿದರು. ಅವರ ಮೊಮ್ಮಗ ಯಾಂಗ್ ಚೆಂಗ್‌ಫು ಕಾಲಕ್ಕೆ ಅದು ಈಗ ನಾವು ಪಾರ್ಕುಗಳಲ್ಲಿ ನೋಡುವ ನಿಧಾನದ ರೂಪಕ್ಕೆ ಬಂತು. ನಿಮ್ಮ ಬರಹದಲ್ಲಿದ್ದ 24 ಭಂಗಿಗಳ ಸರಣಿಯನ್ನು ಚೀನಾದ ಸರ್ಕಾರ 1956ರಲ್ಲಿ ಮಾಡಿಸಿದ್ದು ಈ ಯಾಂಗ್ ಶೈಲಿಯಿಂದಲೇ.

ಆದರೆ ನನಗೆ ಜಾಸ್ತಿ ಕಾಡುವುದು ಆ ಹಳ್ಳಿಯಲ್ಲೇ ಮುಂದೆ ನಡೆದ ಕತೆ. ಅದೇ ಮನೆತನದ ಚೆನ್ ಝಾವೋಪಿ ನಿವೃತ್ತರಾಗಿ 1958ರಲ್ಲಿ ಊರಿಗೆ ಬಂದಾಗ ಅಲ್ಲಿ ಹೇಳಿಕೊಡುವವರೇ ಇಲ್ಲದಂತಾಗಿತ್ತು. ಅವರಿಗಾಗಲೇ 65. ಹುಡುಗರನ್ನು ಕೂಡಿಸಿಕೊಂಡು ಶುರು ಮಾಡಿದರು. ಸಾಂಸ್ಕೃತಿಕ ಕ್ರಾಂತಿ ಬಂದು ಇಂಥದ್ದೆಲ್ಲ ಹಳೇ ಕಾಲದ ಕಸ ಎಂದಾದಾಗಲೂ ಕದ್ದುಮುಚ್ಚಿ ಕಲಿಸಿದರು. 1972ರಲ್ಲಿ ಅವರು ತೀರಿಕೊಂಡ ಮೇಲೆ ಊರಿನವರು ಬೀಜಿಂಗ್‌ನಿಂದ ಚೆನ್ ಝಾವೋಕ್ವೇಯನ್ನು ಕರೆಸಿದರು. ಅವರ ತಂದೆ ಚೆನ್ ಫಾಕೆ 1928ರಲ್ಲಿ ಊರು ಬಿಟ್ಟವರು. ಅಪ್ಪನ ಜೊತೆ ಹೋಗಿದ್ದ ವಿದ್ಯೆ ಸುಮಾರು 45 ವರ್ಷದ ಮೇಲೆ ಮಗನ ಮೈಯಲ್ಲಿ ವಾಪಸ್ ಬಂತು. ಝಾವೋಪಿ ಹೇಳಿಕೊಟ್ಟದ್ದಕ್ಕೆ ಹಳೇ ಚೌಕಟ್ಟು, ಹೀಗೆ ಬಂದದ್ದಕ್ಕೆ ಹೊಸ ಚೌಕಟ್ಟು ಎಂದು ಇವತ್ತಿಗೂ ಕರೆಯುತ್ತಾರೆ. ಚೆನ್ ಶಿಯಾವೊವಾಂಗ್, ಚೆನ್ ಝೆಂಗ್‌ಲೇ, ವಾಂಗ್ ಶಿಯಾನ್, ಝು ತಿಯಾನ್‌ತ್ಸಾಯ್, ಈ ನಾಲ್ವರೂ ಇಬ್ಬರ ಹತ್ತಿರವೂ ಕಲಿತು ಆಮೇಲೆ ಪ್ರಪಂಚವೆಲ್ಲ ಸುತ್ತಿ ಕಲಿಸಿದವರು. ಝಾವೋಪಿ ಆ ವಯಸ್ಸಿನಲ್ಲಿ ಮನೆಯಲ್ಲಿ ಆರಾಮಾಗಿ ಇದ್ದುಬಿಟ್ಟಿದ್ದರೆ ಏನಾಗುತ್ತಿತ್ತು ಯೋಚಿಸಿ.

ಶಿಷ್ಯನಾಗಿ ಸೇರಿಸಿಕೊಳ್ಳಲು ಒಂದು ಶಾಸ್ತ್ರವೂ ಇದೆ. ಗುರುವಿನ ಮುಂದೆ ಮಂಡಿಯೂರಿ, ಹೆಸರು ಬರೆದ ಪತ್ರ ಕೊಟ್ಟು, ಚಹಾ ಕೊಡಬೇಕು. ಅಲ್ಲಿಂದ ಗುರು ತಂದೆಯ ಲೆಕ್ಕ, ಮೊದಲು ಸೇರಿದವನು ಅಣ್ಣನ ಲೆಕ್ಕ. ನಾನು ಆ ಶಾಸ್ತ್ರ ಮಾಡಿಕೊಂಡವನಲ್ಲ, ಅಷ್ಟು ಕಲಿತಿದ್ದೇನೆ ಎಂದು ಅನಿಸಲೇ ಇಲ್ಲ. ದೊಡ್ಡ ಪರಂಪರೆಯ ಹೆಸರಿದ್ದ ಮಾತ್ರಕ್ಕೆ ವಿದ್ಯೆ ಇದೆ ಎಂದೂ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಊರಿಗೆ ವಾಪಸ್ ಬಂದ ಮೇಲೆ ಒಂದು ಕಡೆ 5 ದಿನದ ಶಿಬಿರಕ್ಕೆ ಹೋದೆ. ಹೇಳಿಕೊಡುವವರು ವೇದಿಕೆ ಬಿಟ್ಟು ಕೆಳಗೆ ಇಳಿಯಲೇ ಇಲ್ಲ. ನನ್ನ ಪಕ್ಕದಲ್ಲಿ ಒಬ್ಬ ಹಿರಿಯರು ಐದೂ ದಿನ ಮಂಡಿಯನ್ನು ಒಳಕ್ಕೆ ವಾಲಿಸಿಕೊಂಡೇ ಮಾಡಿದರು. ಯಾರೂ ಬಂದು ತಿದ್ದಲಿಲ್ಲ. ನಾನು ಹೇಳಿದೆ, 'ಮೇಲಿರುವವರು ಮಾಡಿದ ಹಾಗೇ ಮಾಡ್ತಿದೀನಲ್ಲಪ್ಪ' ಎಂದರು. ಮಂಡಿಗೆ ಒಳ್ಳೆಯದೆಂದು ಬಂದವರು ಕೊನೇ ದಿನ ಮಂಡಿ ನೋವಲ್ಲಿ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದರು. ಅವರ ಕೈಯಲ್ಲಿ ಶಿಬಿರದವರು ಕೊಟ್ಟ ತರಬೇತುದಾರರ ಸರ್ಟಿಫಿಕೇಟ್ ಇತ್ತು.

ಅದಕ್ಕೇ ಕೇಳಿಕೊಳ್ಳುವುದು, ಮುಂದೆ ತೈಚಿ ಬಗ್ಗೆ ಹಾಕಿದಾಗ ಒಂದು ಸಾಲು ಸೇರಿಸಿ. ಸೇರುವ ಮೊದಲು ಹೇಳಿಕೊಡುವವರನ್ನು ಕೇಳಿ ಎಂದು ಬರೆಯಿರಿ: ನಿಮ್ಮ ಗುರುಗಳು ಯಾರು, ಅವರ ಹತ್ತಿರ ಎಷ್ಟು ವರ್ಷ ಇದ್ರಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ ತಿದ್ದುತ್ತೀರಾ? ನಮ್ಮ ಶಿಫು ಇದನ್ನೆಲ್ಲ ಮೊದಲ ದಿನವೇ, ನಾವು ಕೇಳದೆ, ಹೇಳಿದ್ದರು.

ಇಂತಿ,
ನಿಮ್ಮ ಓದುಗ, ಶಿಡ್ಲಘಟ್ಟ