ಅವನ ಮಂಡಿ, ಅವನ ಲೆಕ್ಕ

ಪುಟ್ಟಿ,

ನಿನ್ನ ವಾಯ್ಸ್ ಮೆಸೇಜುಗಳನ್ನೆಲ್ಲ ಕೇಳಿದೆ. ಕ್ಲಿನಿಕ್ಕಿನಲ್ಲಿ ಊಟದ ಹೊತ್ತಿಗೆ ಹಾಕಿಕೊಂಡೆ, ನೀನು ಅಷ್ಟು ಕೂಗಾಡಿದ್ದೀಯ ಅಂತ ಗೊತ್ತಿದ್ದರೆ ಕಾರಿಗೆ ಹೋಗಿ ಕೇಳುತ್ತಿದ್ದೆ. ನಿಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ರನ್ನಿಂಗ್ ಬ್ಯಾಕ್ ಇನ್ನೂ ಒಂದು ವರ್ಷ ಆಡಬಹುದಿತ್ತು, ಆಡದೆ ಡ್ರಾಫ್ಟಿಗೆ, ಅಂದರೆ ಎನ್‌ಎಫ್‌ಎಲ್ ಅನ್ನೋ ವೃತ್ತಿಪರ ಲೀಗಿನ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವುದಕ್ಕೆ, ಹೆಸರು ಕೊಟ್ಟ, ಜಾರ್ಜಿಯಾ ಯೂನಿವರ್ಸಿಟಿಯನ್ನು ನಡುನೀರಲ್ಲಿ ಕೈಬಿಟ್ಟ, ದುಡ್ಡಿನಾಸೆ, ಡಿಗ್ರೀನೂ ಮುಗಿಸಲಿಲ್ಲ. ಇಷ್ಟೇ ತಾನೇ ನಿನ್ನ ದೂರು? ಫೋನಿನಲ್ಲಿ ಉತ್ತರ ಕೊಟ್ಟರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಅವನ ಕಡೆ.

ನೀನು ನಿಮ್ಮ ಕಾಲೇಜಿನ ಸ್ಯಾನ್‌ಫರ್ಡ್ ಸ್ಟೇಡಿಯಮ್ಮಿನಲ್ಲಿ ತೊಂಬತ್ತು ಸಾವಿರ ಜನರ ನಡುವೆ ನಿಂತು ಅವನ ಓಟ ನೋಡುತ್ತೀಯ. ನಾನು ನೋಡುವುದು ಮಂಡಿ. ಏನು ಮಾಡಲಿ, ದಿನಾ ಅದೇ ಕೆಲಸ. ರನ್ನಿಂಗ್ ಬ್ಯಾಕ್ ಅಂದರೆ ಓಡುತ್ತಾ ಓಡುತ್ತಾ ಥಟ್ಟನೆ ಕಾಲೂರಿ ದಿಕ್ಕು ಬದಲಿಸುವವನು. ಆ ಒಂದು ಕ್ಷಣದಲ್ಲಿ ಇಡೀ ಮೈಭಾರ ಮಂಡಿಯ ಮೇಲೆ ತಿರುಚಿಕೊಂಡು ಬೀಳುತ್ತದೆ, ತೊಡೆಮೂಳೆಯನ್ನೂ ಮಂಡಿಯ ಕೆಳಗಿನ ಮೂಳೆಯನ್ನೂ ಹಿಡಿದಿಟ್ಟಿರುವ ಎಸಿಎಲ್ ಅನ್ನೋ ಪಟ್ಟಿ ಅದನ್ನು ತಡೆದುಕೊಳ್ಳಬೇಕು, ಅದೇ ಹೊತ್ತಿಗೆ ನೂರು ಕಿಲೋ ದಾಟಿದ ಒಬ್ಬ ಬಂದು ಪಕ್ಕದಿಂದ ಗುದ್ದುತ್ತಾನೆ. ಪಟ್ಟಿ ಹರಿದರೆ ಬೇರೆ ಕಡೆಯಿಂದ ಸ್ನಾಯುರಜ್ಜು ತೆಗೆದು ಹೊಸದು ಕಟ್ಟುತ್ತಾರೆ. ಮತ್ತೆ ಮೈದಾನಕ್ಕೆ ಇಳಿಯಲು ಒಂಬತ್ತು ತಿಂಗಳೋ ಒಂದು ವರ್ಷವೋ ಬೇಕು. ನನ್ನ ಹತ್ತಿರ ಬರುವ ಹೈಸ್ಕೂಲ್ ಸಾಕರ್ ಹುಡುಗಿಯರಿಗೆ ನಾನು ಹೇಳುವುದೂ ಅದನ್ನೇ, ಅವಸರ ಬೇಡಮ್ಮ, ಮಂಡಿಗೆ ನಿನ್ನ ಕೋಚ್ ಕ್ಯಾಲೆಂಡರ್ ಗೊತ್ತಿಲ್ಲ.

ನಿಮ್ಮ ಕಾಲೇಜಿನ ರನ್ನಿಂಗ್ ಬ್ಯಾಕ್ ಆಗಿದ್ದವನೇ ಟಾಡ್ ಗರ್ಲಿ. ಅವನು ಆಡುವಾಗ ನೀನು ಚಿಕ್ಕವಳು. 2014ರಲ್ಲಿ ಅವನನ್ನು ನಾಲ್ಕು ಆಟ ಹೊರಗೆ ಕೂರಿಸಿದರು. ಮಾಡಿದ ತಪ್ಪೇನು ಗೊತ್ತಾ? ಆಟೋಗ್ರಾಫ್ ಹಾಕಿ ದುಡ್ಡು ತೆಗೆದುಕೊಂಡಿದ್ದ, ಅದೂ ಮೂರು ಸಾವಿರ ಡಾಲರ್ ಚಿಲ್ಲರೆ. ಅವನ ನಂಬರಿನ ಜೆರ್ಸಿ ಅಂಗಡಿಯಲ್ಲಿ ನೇತಾಡುತ್ತಿತ್ತು, ಅದರಲ್ಲಿ ಅವನಿಗೆ ಪೈಸೆ ಇಲ್ಲ, ತನ್ನ ಹೆಸರನ್ನು ತಾನೇ ಬರೆದು ಮಾರಿದರೆ ಮಾತ್ರ ಅಪರಾಧ. ಶಿಕ್ಷೆ ಮುಗಿಸಿ ನವೆಂಬರ್ 15ಕ್ಕೆ ಆಬರ್ನ್ ವಿರುದ್ಧ ವಾಪಸ್ ಬಂದ, 138 ಗಜ ಓಡಿದ, ಅದೇ ಆಟದ ಕೊನೆಯಲ್ಲಿ ಎಡಮಂಡಿಯ ಎಸಿಎಲ್ ಹೋಯಿತು.

ಅವನೂ ಆಗ ಜೂನಿಯರ್, ಅಂದರೆ ಮೂರನೇ ವರ್ಷದವನು. "ಇನ್ನೊಂದು ವರ್ಷ ಇದ್ದು ಮಂಡಿ ಸರಿಮಾಡಿಕೊಂಡು, ಡಿಗ್ರಿ ಮುಗಿಸಿ ಹೋಗು" ಅಂತ ಹೇಳುವವರಿಗೆ ಇದಕ್ಕಿಂತ ಒಳ್ಳೆ ಕಾರಣ ಸಿಗುತ್ತಾ? ಅವನು ಇರಲಿಲ್ಲ, ಹೊರಟ. 2015ರಲ್ಲಿ ರಾಮ್ಸ್ ತಂಡ ಅವನನ್ನು 10ನೇ ಆಯ್ಕೆಯಾಗಿ ತೆಗೆದುಕೊಂಡಿತು.

ಈಗ ಲೆಕ್ಕ ಕೇಳು. ಡ್ರಾಫ್ಟಿನಲ್ಲಿ ಬಂದವನಿಗೆ ಮೊದಲ ಒಪ್ಪಂದ ನಾಲ್ಕು ವರ್ಷದ್ದು, ಅದರ ಮೊತ್ತ ಹೆಚ್ಚುಕಡಿಮೆ ಮೊದಲೇ ನಿಗದಿ, ಚೌಕಾಸಿಗೆ ಜಾಸ್ತಿ ಜಾಗ ಇಲ್ಲ. ಮೂರು ಸೀಸನ್ ಮುಗಿಯುವವರೆಗೆ ಹೊಸ ಒಪ್ಪಂದದ ಮಾತೇ ಎತ್ತುವ ಹಾಗಿಲ್ಲ. ದೊಡ್ಡ ದುಡ್ಡು ಇರುವುದು ಆ ಎರಡನೇ ಒಪ್ಪಂದದಲ್ಲಿ. ಗರ್ಲಿ ಮೂರು ಸೀಸನ್ ಆಡಿದ, 2018ರ ಜುಲೈನಲ್ಲಿ ಸಹಿ ಹಾಕಿದ: ನಾಲ್ಕು ವರ್ಷಕ್ಕೆ 60 ಮಿಲಿಯನ್ ಡಾಲರ್, ಅದರಲ್ಲಿ 45 ಮಿಲಿಯನ್ ಖಾತ್ರಿ. ಆ ಡಿಸೆಂಬರಿಗೇ ಅದೇ ಎಡಮಂಡಿ ತಕರಾರು ತೆಗೆಯಿತು. ಮುಂದಿನ ಫೆಬ್ರವರಿಯಲ್ಲಿ ಲೀಗಿನ ಫೈನಲ್, ಸೂಪರ್ ಬೌಲ್, ನಮ್ಮ ಅಟ್ಲಾಂಟಾದಲ್ಲೇ ನಡೆಯಿತಲ್ಲ, ಅದರಲ್ಲಿ ಅವನು ಹತ್ತು ಸಲ ಚೆಂಡು ಹಿಡಿದು ಓಡಿ ಗಳಿಸಿದ್ದು 35 ಗಜ. 2020ರ ಮಾರ್ಚಿನಲ್ಲಿ ರಾಮ್ಸ್ ಅವನನ್ನು ಬಿಟ್ಟುಬಿಟ್ಟಿತು. ಇಲ್ಲಿ ನಮ್ಮ ಅಟ್ಲಾಂಟಾದ ತಂಡ ಫಾಲ್ಕನ್ಸ್‌ಗೆ ಬಂದು ಒಂದು ಸೀಸನ್ ಆಡಿದ, ಅಷ್ಟೇ. ಆಗ ಅವನಿಗೆ ವಯಸ್ಸು 26.

ಅವನು ನಿನ್ನ ಮಾತು ಕೇಳಿ ಒಂದು ವರ್ಷ ಜಾಸ್ತಿ ನಿಮ್ಮ ಕಾಲೇಜಿನ ಊರು ಅಥೆನ್ಸಿನಲ್ಲಿ ಇದ್ದಿದ್ದರೆ ಆ ಸಹಿ ಹಾಕುವ ಹೊತ್ತು 2019ಕ್ಕೆ ಹೋಗುತ್ತಿತ್ತು. ಆ ಮಂಡಿ ನೋಡಿ 2019ರಲ್ಲಿ 45 ಮಿಲಿಯನ್ ಖಾತ್ರಿ ಯಾರು ಕೊಡುತ್ತಿದ್ದರು? ನಾನು ಫಿಸಿಯೋ, ನಾನೇ ಕೊಡುತ್ತಿರಲಿಲ್ಲ. ಒಂದೇ ಒಂದು ವರ್ಷ, ಪುಟ್ಟಿ. ನಿನಗೆ ಅದು ಇನ್ನೊಂದು ಸೀಸನ್ ಖುಷಿ, ಅವನಿಗೆ ಜೀವಮಾನದ ಗಳಿಕೆ.

ಹಾಗಂತ ಎಲ್ಲರೂ ಓಡಿಹೋಗಬೇಕು ಅಂತಲ್ಲ. ಮೊದಲೇ ಹೊರಟು ಕೆಟ್ಟವರೂ ಇದ್ದಾರೆ. ಲೀಗಿನ ಒಂದು ಸಮಿತಿ ಜೂನಿಯರ್‌ಗಳಿಗೆ ಮೊದಲೇ ಅಂದಾಜು ಕೊಡುತ್ತದೆ, ಮೊದಲ ಸುತ್ತಿನ ಯೋಗ್ಯತೆ, ಎರಡನೇ ಸುತ್ತಿನ ಯೋಗ್ಯತೆ, ಇಲ್ಲವಾದರೆ ಕಾಲೇಜಿನಲ್ಲೇ ಇರು ಅಂತ. ಮೂರನೆಯ ಉತ್ತರ ಬಂದಮೇಲೂ ಗೆಳೆಯರ ಮಾತು ಕೇಳಿ ಹೊರಟು, ಏಳು ಸುತ್ತಿನಲ್ಲೂ ಹೆಸರು ಬರದೆ ಕೂತವರು ಪ್ರತಿವರ್ಷ ಇರುತ್ತಾರೆ. ಅಂಥವನ ಅಮ್ಮ ನಾನಾಗಿದ್ದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ. ನಿಮ್ಮ ಹುಡುಗ ಅಂಥವನಲ್ಲ, ಅದು ನಿನಗೂ ಗೊತ್ತು.

ನಿಮ್ಮ ಕಾಲೇಜಿನ ಇನ್ನೊಬ್ಬ ರನ್ನಿಂಗ್ ಬ್ಯಾಕ್ ನಿಕ್ ಚಬ್ ಇದ್ದನಲ್ಲ ಅಂತೀಯ. ಗೊತ್ತು, ನಿನ್ನ ಗೋಡೆಯ ಮೇಲೆ ಪೋಸ್ಟರ್ ಹಾಕಿಕೊಂಡಿದ್ದೆ. 2015ರಲ್ಲಿ ಟೆನೆಸೀಯಲ್ಲಿ, ಆಟ ಶುರುವಾಗಿ ಜಾರ್ಜಿಯಾ ಮೊದಲ ಸಲ ಚೆಂಡು ಹಿಡಿದು ಓಡಿದಾಗಲೇ ಅವನ ಮಂಡಿ ಹೋದದ್ದನ್ನು ಟೀವಿಯಲ್ಲಿ ನೋಡಿ ನಾನು ಅಡುಗೆಮನೆಗೆ ಎದ್ದುಹೋದೆ, ಆ ರೀಪ್ಲೇ ನೋಡಲು ಆಗಲಿಲ್ಲ. ವಾಸಿಮಾಡಿಕೊಂಡು ಬಂದ, 2016ರ ಸೀಸನ್ ಮುಗಿದಾಗ ಹೋಗಬಹುದಿತ್ತು, ಜೊತೆಯ ರನ್ನಿಂಗ್ ಬ್ಯಾಕ್ ಸೋನಿ ಮಿಶೆಲ್ ಜೊತೆ ಇನ್ನೊಂದು ವರ್ಷ ಉಳಿದ. ಒಕ್ಲಹೋಮ ಮೇಲಿನ ಸೆಮಿಫೈನಲ್, ಆ ರೋಸ್ ಬೌಲ್, 54–48, ಎರಡು ಓವರ್‌ಟೈಮ್, ಕೊನೆಗೆ ಮಿಶೆಲ್ ಓಡಿದ ಓಟ! ನಿಮ್ಮಪ್ಪ ಸೋಫಾ ಹತ್ತಿ ಕುಣಿದದ್ದು ನೆನಪಿದೆಯಾ? ಆಮೇಲೆ ಫೈನಲ್ಲಿನಲ್ಲಿ ಅಲಬಾಮಾ ಎದುರು 26–23ಕ್ಕೆ ಸೋತದ್ದು ಬೇಡ ಬಿಡು.

ಆದರೆ ಚಬ್ ಉಳಿದದ್ದು ನಿನ್ನ ಖುಷಿಗಲ್ಲ. ಮಂಡಿ ಕಳೆದುಕೊಂಡು ಬಂದ ವರ್ಷ ಅವನ ಓಟ ಮೊದಲಿನ ಹಾಗೆ ಇರಲಿಲ್ಲ, ನಾನು ಮತ್ತೆ ಮೊದಲಿನವನೇ ಅಂತ ತೋರಿಸಲು ಇನ್ನೊಂದು ವರ್ಷ ಬೇಕಿತ್ತು. ಅದು ನನ್ನ ಊಹೆ, ಆದರೆ ಮಂಡಿ ನೋಡುವವಳ ಊಹೆ. ಇಬ್ಬರೂ 2018ರಲ್ಲಿ ಆಯ್ಕೆಯಾದರು, ಮಿಶೆಲ್ 31ನೆಯವನು, ಚಬ್ 35ನೆಯವನು. ಚಬ್‌ಗೆ 2021ರಲ್ಲಿ ಮೂರು ವರ್ಷಕ್ಕೆ 36.6 ಮಿಲಿಯನ್ನಿನ ಒಪ್ಪಂದ ಸಿಕ್ಕಿತು. 2023ರ ಸೆಪ್ಟೆಂಬರಿನಲ್ಲಿ ಪಿಟ್ಸ್‌ಬರ್ಗಿನಲ್ಲಿ ಅದೇ ಎಡಮಂಡಿ ಮತ್ತೆ ಹೋಯಿತು. ಸಹಿ ಮೊದಲು ಬಿತ್ತು, ಪೆಟ್ಟು ಆಮೇಲೆ ಬಿತ್ತು. ಗರ್ಲಿ ಹೊರಟದ್ದೂ ಸರಿ, ಚಬ್ ಉಳಿದದ್ದೂ ಸರಿ. ಲೆಕ್ಕ ಹಾಕಿದ್ದು ಅವರವರು, ಸ್ಟ್ಯಾಂಡಿನಲ್ಲಿ ಕೂತವರಲ್ಲ.

ಸ್ಟ್ಯಾನ್‌ಫರ್ಡಿನ ಆಂಡ್ರೂ ಲಕ್ ಉಳಿದ ಅನ್ನೋ ವಾದವನ್ನೂ ತಂದಿದ್ದೀಯ. 2011ರಲ್ಲಿ ಹೊರಟಿದ್ದರೆ ಮೊದಲ ಆಯ್ಕೆ ಅವನೇ ಅಂತ ಎಲ್ಲರೂ ಹೇಳುತ್ತಿದ್ದರು. ಆರ್ಕಿಟೆಕ್ಚರ್ ಓದು ಮುಗಿಸಬೇಕು ಅಂತ ಉಳಿದ, 2012ರಲ್ಲಿ ಮೊದಲ ಆಯ್ಕೆಯೇ ಆದ. ಭೇಷ್. ಆದರೆ ಅವನು ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆದು ಆಟ ನಡೆಸುವವನು, ಆ ಜಾಗದವರು ನಲವತ್ತರ ಹತ್ತಿರದವರೆಗೂ ಆಡುತ್ತಾರೆ. ಅವನಪ್ಪನೂ ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು, ಮನೆಯಲ್ಲಿ ತಾಪತ್ರಯ ಇರಲಿಲ್ಲ. ಅಂಥವನೇ ಪೆಟ್ಟು ತಿಂದು ತಿಂದು ಸಾಕಾಗಿ 29ಕ್ಕೆ ಆಟ ಬಿಟ್ಟ. ಅದೇ ಕ್ವಾರ್ಟರ್‌ಬ್ಯಾಕ್ ಜಾಗದ ಮ್ಯಾಟ್ ಲೈನಾರ್ಟ್ 2005ರಲ್ಲಿ ಯುಎಸ್‌ಸಿ ಅನ್ನೋ ಕಾಲೇಜಿನಲ್ಲಿ ಉಳಿದ, ಆ ಸೆಮಿಸ್ಟರಿನಲ್ಲಿ ಅವನು ತೆಗೆದುಕೊಂಡದ್ದು ಒಂದೇ ಒಂದು ಕ್ಲಾಸು, ಬಾಲ್‌ರೂಮ್ ಡಾನ್ಸ್. ಮುಂದಿನ ವರ್ಷ 10ನೇ ಆಯ್ಕೆಗೆ ಇಳಿದ. ಡಿಗ್ರಿ ಡಿಗ್ರಿ ಅಂತೀಯಲ್ಲ, ಅದಕ್ಕೆ ಹೇಳಿದೆ.

ಡಿಗ್ರಿ ವಿಷಯದಲ್ಲಿ ನಿನ್ನ ದನಿ ಥೇಟ್ ನಿನ್ನ ಅಜ್ಜನದು. ಅವರಿಗೆ ಅನಿಲ್ ಕುಂಬ್ಳೆ ಅಂದರೆ ಇಷ್ಟ, ಎಂಜಿನಿಯರಿಂಗ್ ಓದುತ್ತಲೇ 1990ರಲ್ಲಿ ದೇಶಕ್ಕೆ ಆಡಿದರು, ಆರ್‌ವಿ ಕಾಲೇಜಿನ ಡಿಗ್ರಿಯನ್ನೂ ಮುಗಿಸಿದರು ಅಂತ. ಸರಿ, ಆದರೆ ಕುಂಬ್ಳೆಗೆ ಯಾರೂ "ಮೂರು ವರ್ಷ ಕಾಲೇಜಿಗೆ ಆಡು, ಆಮೇಲೆ ನಿನ್ನನ್ನು ನೋಡುತ್ತೇವೆ" ಅನ್ನಲಿಲ್ಲ. ಅವರು ಕಾಲೇಜಿನಲ್ಲಿದ್ದೂ ಇಂಡಿಯಾಗೆ ಆಡಬಹುದಿತ್ತು. ಇಲ್ಲಿ ಹೈಸ್ಕೂಲ್ ಮುಗಿಸಿ ಮೂರು ವರ್ಷ ಆಗುವವರೆಗೆ ಎನ್‌ಎಫ್‌ಎಲ್ ಬಾಗಿಲು ತೆರೆಯುವುದೇ ಇಲ್ಲ. ಓಹಾಯೋ ಸ್ಟೇಟಿನ ಮಾರಿಸ್ ಕ್ಲಾರೆಟ್ ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದ, 2004ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದ, ಮೇಲ್ಮನವಿಯಲ್ಲಿ ಸೋತ. ಆ ತೀರ್ಪು ಬರೆದವರು ಸೋನಿಯಾ ಸೊಟೊಮೇಯರ್, ಈಗ ಸುಪ್ರೀಂ ಕೋರ್ಟಿನಲ್ಲಿರುವವರೇ. ಲಾ ಓದಬೇಕು ಅಂತೀಯಲ್ಲ, ಓದಿ ನೋಡು. ಆಟಗಾರರ ಸಂಘ ಮತ್ತು ಲೀಗಿನ ನಡುವಿನ ಒಪ್ಪಂದ, ಇನ್ನೂ ಒಳಗೇ ಬರದ ಹುಡುಗನನ್ನು ಹೇಗೆ ಕಟ್ಟಿಹಾಕುತ್ತದೆ ಅನ್ನುವುದು ನನಗೆ ಇವತ್ತಿಗೂ ಅರಗಿಲ್ಲ.

ಅಂದರೆ ಅವನು "ಬೇಗ" ಹೋಗುತ್ತಿಲ್ಲ ಪುಟ್ಟಿ, ಕಾನೂನು ಬಿಟ್ಟ ಮೊದಲ ದಿನ ಹೋಗುತ್ತಿದ್ದಾನೆ. 1983ರಲ್ಲಿ ನಿಮ್ಮ ಕಾಲೇಜಿನ ರನ್ನಿಂಗ್ ಬ್ಯಾಕ್ ಹರ್ಷೆಲ್ ವಾಕರ್‌ಗೆ ಆ ಬಾಗಿಲೂ ಇರಲಿಲ್ಲ. ಕಾಲೇಜು ಫುಟ್‌ಬಾಲಿನ ದೊಡ್ಡ ಪ್ರಶಸ್ತಿ ಹೈಸ್ಮನ್ ಗೆದ್ದವನು ಜೂನಿಯರ್ ವರ್ಷ ಮುಗಿಸಿ ಯುಎಸ್‌ಎಫ್‌ಎಲ್ ಅನ್ನೋ ಹೊಸ ಲೀಗಿನ ನ್ಯೂಜೆರ್ಸಿ ಜನರಲ್ಸ್ ಸೇರಿಕೊಂಡ. ಆಗಲೂ ಜಾರ್ಜಿಯಾ ಹೀಗೇ ಎದೆ ಬಡಿದುಕೊಂಡಿತು. ಈಗ ನೋಡು, ಅವನ ಹೆಸರು ಹೇಳದೆ ನಿಮ್ಮಲ್ಲಿ ಒಂದು ಮಾತೂ ಶುರುವಾಗುವುದಿಲ್ಲ.

ಇನ್ನು ಓದು. ಎಮಿಟ್ ಸ್ಮಿತ್ ಫ್ಲಾರಿಡಾ ಯೂನಿವರ್ಸಿಟಿ ಬಿಟ್ಟದ್ದು 1990ರಲ್ಲಿ, ಅವನೂ ಜೂನಿಯರ್, ಅವನೂ ರನ್ನಿಂಗ್ ಬ್ಯಾಕ್. ಡಿಗ್ರಿ ಮುಗಿಸುತ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟು ಹೋದ. ಡಲ್ಲಾಸ್ ತಂಡದಲ್ಲಿ ಮೂರು ಸೂಪರ್ ಬೌಲ್ ಗೆದ್ದಮೇಲೆ, 1996ರಲ್ಲಿ ಡಿಗ್ರಿ ತಗೊಂಡ. ಆ ಅಮ್ಮನನ್ನು ನಾನು ಮೆಚ್ಚುವುದು ಇದಕ್ಕೇ, ಹೋಗಬೇಡ ಅನ್ನಲಿಲ್ಲ, ಮುಗಿಸು ಅಂದಳು. ಕ್ಲಾಸ್‌ರೂಮ್ ಆರು ವರ್ಷ ಕಾಯಿತು. ಮಂಡಿ ಕಾಯುವುದಿಲ್ಲ.

ನಿನ್ನ ವಾದದಲ್ಲಿ ನನಗೆ ಉತ್ತರ ಕೊಡಲು ಕಷ್ಟ ಆದದ್ದು ಒಂದೇ. ಈಗ ಕಾಲೇಜಿನಲ್ಲೇ ದುಡ್ಡು ಸಿಗುತ್ತಲ್ಲ, ಇನ್ನೇನು ಅವಸರ ಅಂದೆ. ಹೌದು. 2021ರ ಜುಲೈಯಿಂದ ಹೆಸರು-ಮುಖ ಮಾರಿಕೊಳ್ಳಬಹುದು, ಗರ್ಲಿಯನ್ನು ಕೂರಿಸಿದ ಆ ಆಟೋಗ್ರಾಫ್ ಈಗ ಮಾಮೂಲಿ ವ್ಯಾಪಾರ. 2025ರಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು, ಒಂದು ಕಾಲೇಜಿಗೆ ಮೊದಲ ವರ್ಷ ಸುಮಾರು 20.5 ಮಿಲಿಯನ್ ಮಿತಿ, ಎಲ್ಲ ಕ್ರೀಡೆಗೂ ಸೇರಿ. ಇದರಿಂದ ಉಳಿಯುವವರು ಜಾಸ್ತಿ ಆಗಿದ್ದಾರೆ. ಮೂರನೇ ನಾಲ್ಕನೇ ಸುತ್ತಿಗೆ ಹೋಗುವವನಾದರೆ ನಾನೂ ಉಳಿ ಅಂತಿದ್ದೆ, ಕ್ವಾರ್ಟರ್‌ಬ್ಯಾಕ್ ಆದರೆ ಖಂಡಿತ ಉಳಿ ಅಂತಿದ್ದೆ. ರನ್ನಿಂಗ್ ಬ್ಯಾಕ್‌ಗೆ ಮಾತ್ರ ನಾಲಿಗೆ ಏಳುವುದಿಲ್ಲ. ಉಳಿದ ವರ್ಷ ಕೈಗೆ ದುಡ್ಡು ಬಂದರೂ ಎರಡನೇ ಒಪ್ಪಂದ ಒಂದು ವರ್ಷ ದೂರ ಸರಿಯುತ್ತದೆ, ನಡುವೆ ಇನ್ನೂರು ಮುನ್ನೂರು ಸಲ ಗುದ್ದು ತಿನ್ನಬೇಕು.

ನೀನು ಇನ್‌ಸ್ಟಾಗ್ರಾಂನಲ್ಲಿ ಅವನಿಗೆ ಏನೋ ಬರೆದಿದ್ದೀಯಂತೆ, ನಿನ್ನ ತಮ್ಮ ತೋರಿಸಿದ. ಅದನ್ನು ತೆಗೆದುಹಾಕು. ಅವನು ನಿನ್ನ ಕ್ಲಾಸಿನಲ್ಲೇ ಕೂತಿದ್ದ ಇಪ್ಪತ್ತೊಂದರ ಹುಡುಗ, ಅವನಿಗೂ ಒಬ್ಬ ಅಮ್ಮ ಇದ್ದಾಳೆ, ಅವಳೂ ಓದುತ್ತಾಳೆ.

ಡ್ರಾಫ್ಟ್ ಏಪ್ರಿಲ್ ಕೊನೆಗೆ, ಗುರುವಾರ ಮೊದಲ ಸುತ್ತು, ಶುಕ್ರವಾರ ಎರಡು ಮೂರು. ಪರೀಕ್ಷೆ ಹತ್ತಿರ ಇರುತ್ತೆ ಗೊತ್ತು, ಪುಸ್ತಕ ತಗೊಂಡೇ ಬಾ, ಬಟ್ಟೆ ಒಗೆಯುವುದಿದ್ದರೆ ಅದನ್ನೂ ತಾ. ಅವನು ಫಾಲ್ಕನ್ಸ್‌ಗೆ ಬಂದರೆ ಮೊದಲ ಆಟದ ಟಿಕೆಟ್ ನನ್ನ ಖರ್ಚು, ಪಾರ್ಕಿಂಗ್ ಅಪ್ಪಂದು.

ಅಮ್ಮ