ಸದಸ್ಯರಿಗೆ ಸೂಚನೆ: ಈ ವಾರದ ಚರ್ಚೆ – ಹ್ಯೂಗೊ ಲೊರಿಸ್

ಎಲ್ಲ ಸದಸ್ಯರಿಗೂ ನಮಸ್ಕಾರ. ಈ ವಾರದ ಚರ್ಚೆಗೆ ಫ್ರಾನ್ಸ್‌ನ ಫುಟ್‌ಬಾಲ್ ಗೋಲ್‌ಕೀಪರ್ ಹ್ಯೂಗೊ ಲೊರಿಸ್ ಅವರ ವೃತ್ತಿಜೀವನವನ್ನು ಆರಿಸಿಕೊಳ್ಳಲಾಗಿದ್ದು, 2018ರ ವಿಶ್ವಕಪ್ ಫೈನಲ್‌ನಲ್ಲಿ ಕ್ರೊವೇಷಿಯಾದ ಮಾಂಡ್ಜುಕಿಚ್ ಅವರಿಗೆ ಕೈಯಾರೆ ಒಪ್ಪಿಸಿದಂತಿದ್ದ ಆ ಒಂದು ಗೋಲಿಗಷ್ಟೇ ಮಾತು ಸೀಮಿತವಾಗದಿರಲಿ ಎಂದು ಕೋರುತ್ತೇವೆ.

ಅದೇ ಟೂರ್ನಿಯ ಕ್ವಾರ್ಟರ್ ಫೈನಲ್‌ನಲ್ಲಿ, ಫ್ರಾನ್ಸ್ 1–0 ಮುನ್ನಡೆಯಲ್ಲಿದ್ದಾಗ, ಉರುಗ್ವೆಯ ಕಾಸೆರೆಸ್ ತಲೆಯಿಂದ ಹೊಡೆದ ಚೆಂಡನ್ನು ಅವರು ಮೈಚಾಚಿ ತಡೆಯದಿದ್ದರೆ ಪಂದ್ಯದ ದಿಕ್ಕೇ ಬದಲಾಗಬಹುದಿತ್ತು. ನಮ್ಮ ಅಭಿಪ್ರಾಯದಲ್ಲಿ ಅವರ ಅತ್ಯುತ್ತಮ ಕ್ಷಣ ಇದೇ.

1986ರಲ್ಲಿ ನೀಸ್ ನಗರದಲ್ಲಿ ಜನಿಸಿದ ಲೊರಿಸ್, ತವರಿನ ಕ್ಲಬ್‌ನಿಂದ 2008ರಲ್ಲಿ ಲಿಯಾನ್‌ಗೆ, 2012ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್‌ಗೆ ಹೋದರು. ಅಲ್ಲಿ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಆಡಿ, ನಾಯಕರೂ ಆಗಿ, 2019ರ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ಟೂರ್ನಿ) ಫೈನಲ್‌ವರೆಗೆ ತಲುಪಿದರೂ ಒಂದು ಪ್ರಶಸ್ತಿಯೂ ಕೈಗೆ ಬರಲಿಲ್ಲ ಎಂಬುದು ವಿಚಿತ್ರವೇ ಸರಿ. (2018ರಲ್ಲಿ ಫ್ರಾನ್ಸ್ ಪರ ವಿಶ್ವಕಪ್ ಎತ್ತಿದ ನಾಯಕನಿಗೆ ಇಂಗ್ಲೆಂಡ್ ಕ್ಲಬ್‌ಗಳ ಲೀಗ್ ಕಪ್ ಕೂಡ ದಕ್ಕಲಿಲ್ಲ!)

2022ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯದಲ್ಲಿ ಫ್ರಾನ್ಸ್ ಪರ ಅತಿ ಹೆಚ್ಚು ಪಂದ್ಯ ಆಡಿದ್ದ ತುರಾಮ್ ಅವರ 142 ಪಂದ್ಯಗಳ ದಾಖಲೆಯನ್ನು ಹಿಂದಿಕ್ಕಿದ ಅವರು, ಫೈನಲ್‌ನಲ್ಲಿ ಅರ್ಜೆಂಟೀನಾಕ್ಕೆ ಪೆನಾಲ್ಟಿಗಳಲ್ಲಿ ಸೋತ ಬಳಿಕ, 145 ಪಂದ್ಯಗಳೊಂದಿಗೆ 2023ರ ಜನವರಿಯಲ್ಲಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು. ಮರುವರ್ಷ ಲಾಸ್ ಏಂಜಲೀಸ್‌ನ ಕ್ಲಬ್ ಸೇರಿದರು.

ಪೆನಾಲ್ಟಿ ತಡೆಯುವಲ್ಲಿ ಅವರು ದುರ್ಬಲರಾಗಿದ್ದರೇ ಎಂಬ ಪ್ರಶ್ನೆಗೆ ಉತ್ತರಿಸುವವರು ದಯವಿಟ್ಟು ಪಂದ್ಯ ಮತ್ತು ವರ್ಷವನ್ನು ನಮೂದಿಸಿ ಬರೆಯಬೇಕು.